ಮಡಚಿಟ್ಟ ಕುರ್ಚಿ

ನಮ್ಮೂರಿನಲ್ಲಿ ಕುರ್ಚಿ ಬಾಡಿಗೆಗೆ ಕೊಡುವವನನ್ನು ಯಾರೂ ಮದುವೆಗೆ ಕರೆಯುವುದಿಲ್ಲ. ಕರೆಯದಿದ್ದರೂ ಅವನು ಬಂದೇ ಬರುತ್ತಾನೆ, ಅದೂ ಎಲ್ಲರಿಗಿಂತ ಮೊದಲು. ಹೋಗುವುದು ಎಲ್ಲರಿಗಿಂತ ಕೊನೆಗೆ. ನಲವತ್ತೊಂದು ವರ್ಷಗಳಲ್ಲಿ ಅವನಿಲ್ಲದೆ ಇಲ್ಲಿ ಒಂದು ಮದುವೆಯಾಗಿಲ್ಲ, ಒಂದು ಸಭೆ ನಡೆದಿಲ್ಲ, ಯಾರೂ ಸರಿಯಾಗಿ ಸತ್ತೂ ಇಲ್ಲ. ನಾನು ಕಾಲೇಜಿನಿಂದ ನಿವೃತ್ತಳಾದ ದಿನ ಹನ್ನೊಂದು ಜನ ನನ್ನ ಗುಣಗಾನ ಮಾಡಿದರು. ಒಂಬತ್ತು ಜನರ ಮಾತು ಪೊಳ್ಳು. ಕೂತಿದ್ದ ಕುರ್ಚಿ ಮಾತ್ರ ಗಟ್ಟಿಯಾಗಿತ್ತು.

ಊರೆಲ್ಲ ಅವನನ್ನು ಕುರ್ಚಿಯಣ್ಣ ಎನ್ನುತ್ತದೆ. ನನ್ನ ತಮ್ಮನ ಜೊತೆ ಓದಿದವನು, ನನಗಿಂತ ಏಳು ವರ್ಷಕ್ಕೆ ಚಿಕ್ಕವನು, ಹಾಗಾಗಿ ಇಲ್ಲಿ ಏಕವಚನ. ಅವನ ಹತ್ತಿರ ನೀಲಿ ಬಣ್ಣದ, ಮಡಚುವ ಕಬ್ಬಿಣದ ಕುರ್ಚಿಗಳು ನಾನೂರು ಇವೆ. ಒಂದೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು. ಪ್ಲಾಸ್ಟಿಕ್ ಕುರ್ಚಿ ಬಂದು ಊರನ್ನು ನುಂಗಿದಾಗಲೂ ಅವನು ಜಗ್ಗಲಿಲ್ಲ. "ಪ್ಲಾಸ್ಟಿಕ್ ಮುರಿಯೋ ಮುಂಚೆ ಹೇಳಲ್ಲ. ಕಬ್ಬಿಣ ಮೊದಲು ಕಿರುಗುಟ್ಟಿ ಮರ್ಯಾದೆ ಉಳಿಸುತ್ತೆ" ಎನ್ನುವುದು ಅವನ ವಾದ. ಕುರ್ಚಿಯನ್ನು ಬಿಡಿಸುವುದಕ್ಕೆ ಅವನದೇ ವರಸೆ. ಮೊದಲು ಹಿಂದಿನ ಕಾಲನ್ನು ಒದ್ದು ನೂಕಬೇಕು, ಆಮೇಲೆ ಅಂಗೈಯಿಂದ ಸೀಟು ಒತ್ತಬೇಕು, ಟಕ್ ಎನ್ನಬೇಕು. ಟಕ್ ಎನ್ನದ ಕುರ್ಚಿ ಗಾಡಿಗೆ ವಾಪಸ್. ಕಾಲು ಮರೆತು ಸೀಟನ್ನೇ ಮೊದಲು ಒತ್ತಿದವರು ಬೆರಳು ಕಚ್ಚಿಸಿಕೊಂಡು ಕುಣಿಯುತ್ತಾರೆ.

ನಮ್ಮ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಇರುವುದೂ ಇವೇ ಕುರ್ಚಿಗಳು. ಮೂವತ್ತೊಂದು ವರ್ಷದ ಹಿಂದೆ ಹಳೆಯ ಬೆಂಚುಗಳಿಗೆ ಗೆದ್ದಲು ಹಿಡಿದು, ಒಂದು ಭಾನುವಾರ ಪ್ರಾರ್ಥನೆಯ ನಡುವೆ ಮೂರನೆಯ ಬೆಂಚು ಕುಸಿದು ಐದು ಜನ ಒಟ್ಟಿಗೆ ನೆಲಕ್ಕೆ ಬಂದರು. ಹೊಸ ಬೆಂಚು ಆಗುವವರೆಗೆ ತಾತ್ಕಾಲಿಕವಾಗಿ ಬಾಡಿಗೆ ಕುರ್ಚಿ ಹಾಕಿಸುವುದೆಂದು ಸಮಿತಿ ತೀರ್ಮಾನಿಸಿತು. ಹೊಸ ಬೆಂಚು ಯಾವ ಮರದ್ದಾಗಬೇಕೆಂಬುದು ಇನ್ನೂ ಚರ್ಚೆಯಲ್ಲಿದೆ. ಆ ಸಮಿತಿಯ ಕಾರ್ಯದರ್ಶಿ ನಾನೇ, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ಯೇಸು ಶಿಷ್ಯರೊಡನೆ ಮಾಡಿದ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನಕ್ಕೆ ನಮ್ಮಲ್ಲಿ ಒಂದು ಹಳೆಯ ಪದ್ಧತಿ ಇದೆ. ಮೂರು ತಿಂಗಳಿಗೊಮ್ಮೆ ದೇವಾಲಯದ ನಡುವೆ ಮುಂದಿನಿಂದ ಬಾಗಿಲವರೆಗೆ ಉದ್ದಕ್ಕೆ ಮೇಜು ಜೋಡಿಸಿ ಬಿಳಿ ಬಟ್ಟೆ ಹಾಸುತ್ತೇವೆ. ಸದಸ್ಯರೆಲ್ಲ ಸುತ್ತ ಕೂರುತ್ತಾರೆ. ರೊಟ್ಟಿಯೂ ದ್ರಾಕ್ಷಾರಸದ ಪಾತ್ರೆಯೂ ಕೈಯಿಂದ ಕೈಗೆ ಹೋಗುತ್ತವೆ. ನಿಂತು ತೆಗೆದುಕೊಳ್ಳುವಂತಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಯಾರಾದರೂ ನಿಂತು ಉಣ್ಣುತ್ತಾರೆಯೇ? ಹಿಂದಿನ ದಿನವೇ ಬರಲಾಗದವರು ನನಗೆ ಹೇಳಿ ಕಳಿಸುತ್ತಾರೆ, ಅವರನ್ನು ಬಿಟ್ಟು ಉಳಿದವರ ಸಂಖ್ಯೆಯನ್ನು ನಾನು ಕುರ್ಚಿಯಣ್ಣನಿಗೆ ಕೊಡುತ್ತೇನೆ. ಮೇಜಿನ ಸುತ್ತ ಅಷ್ಟೇ ಕುರ್ಚಿ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕುರ್ಚಿಯಣ್ಣನೂ ಸಭೆಯ ಸದಸ್ಯನೇ. ಮಗುವಾಗಿದ್ದಾಗ ಇದೇ ದೇವಾಲಯದಲ್ಲಿ ದೀಕ್ಷಾಸ್ನಾನ, ಹದಿನೈದಕ್ಕೆ ದೃಢೀಕರಣವಾಗಿ ಮೇಜಿಗೆ ಕೂರುವ ಹಕ್ಕು. ಆದರೆ ದೇವಾಲಯಕ್ಕೆ ಅವನ ಕುರ್ಚಿ ಬಂದ ಮೇಲೆ ಅವನು ಆ ಮೇಜಿಗೆ ಕೂತಿರಲೇ ಇಲ್ಲ. ಮೇಜಿಗೆಂದಲ್ಲ, ತಾನು ಹಾಕಿದ ಕುರ್ಚಿಯಲ್ಲಿ ಅವನು ಎಲ್ಲಿಯೂ ಕೂರುತ್ತಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ, ಕೈಕಟ್ಟಿ ನಿಲ್ಲುತ್ತಿದ್ದ. ಆ ಜಾಗದಲ್ಲಿ ಸುಣ್ಣ ಸವೆದು ಅವನ ಬೆನ್ನಿನ ಆಕಾರ ಮೂಡಿದೆ.

ಇದಕ್ಕೆ ಕಾರಣ ಅವನು ಕುರ್ಚಿ ಹಾಕಿದ ಮೊದಲನೆಯ ಮದುವೆ. ಆಗ ಇಪ್ಪತ್ತೆರಡು ವರ್ಷ. ಮುನ್ನೂರು ಕುರ್ಚಿಯನ್ನು ಒಬ್ಬನೇ ಇಳಿಸಿ ಹಾಕಿ, ಕಾಲು ಸೋತು ಕೊನೆಯ ಸಾಲಿನಲ್ಲಿ ಕೂತನಂತೆ. ಹುಡುಗಿಯ ಅಪ್ಪ ಬಂದು ನೋಡಿದ. ಆ ಹೊತ್ತಿಗೆ ಅವನ ಕಡೆಯ ಯಾರೋ ಮಾವ ಕುರ್ಚಿಯಿಲ್ಲದೆ ನಿಂತಿದ್ದ.

"ಏನಯ್ಯಾ, ಕುರ್ಚಿ ತಂದವನೇ ಕೂತ್ರೆ, ಕರೆದೋರು ಎಲ್ಲಿ ಕೂರಬೇಕು?"

ಸುತ್ತಲಿದ್ದವರು ನಕ್ಕರು. ಇವನೂ ನಕ್ಕು ಎದ್ದು ನಿಂತ. ಹಾಗೆ ಎದ್ದವನು ನಲವತ್ತೊಂದು ವರ್ಷ ನಿಂತೇ ಇದ್ದ. ಕೇಳಿದರೆ ಕಸುಬಿನ ಧರ್ಮ ಎನ್ನುತ್ತಿದ್ದ. ಧರ್ಮವೂ ಅಲ್ಲ, ಮಣ್ಣೂ ಅಲ್ಲ, ಒಂದು ಮಾತು ಚುಚ್ಚಿಕೊಂಡು ಒಳಗೇ ಉಳಿದಿತ್ತು, ಅಷ್ಟೆ.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಕೋಲಿನಂತೆ ತೆಳ್ಳಗಿದ್ದಾಳೆ, ನಾಲಗೆ ಕತ್ತರಿ. ಭೋಜನದ ದಿನ ಅವಳ ಪಕ್ಕದ ಕುರ್ಚಿ ಯಾವಾಗಲೂ ಖಾಲಿ. ಯಾರೂ ಹೇಳಿಕೊಟ್ಟದ್ದಲ್ಲ, ಗಂಡನ ಜಾಗವೆಂದು ಜನ ತಾವಾಗಿ ಬಿಟ್ಟು ಕೂರುತ್ತಾರೆ. ಪ್ರತಿಸಲವೂ ಕುರ್ಚಿಯಣ್ಣ ಗೋಡೆಯಿಂದ ಬೆನ್ನು ಕಿತ್ತು, ಸದ್ದಾಗದಂತೆ ಬಂದು, ಆ ಕುರ್ಚಿಯನ್ನು ಮಡಚಿ ಒಯ್ದು ಗಾಡಿಯಲ್ಲಿ ಇಡುತ್ತಿದ್ದ. ಮೇಜಿನ ಸುತ್ತ ಖಾಲಿ ಕುರ್ಚಿ ಕಂಡರೆ ಅವನ ಕಣ್ಣಿಗೆ ಮುಂದಿನ ಹಲ್ಲು ಬಿದ್ದ ಬಾಯಿ ಕಂಡ ಹಾಗೆ.

"ಲೋಕದಲ್ಲಿ ಗಂಡಂದಿರು ಹೆಂಡತಿಗೆ ಕುರ್ಚಿ ಎಳೆದು ಕೊಡ್ತಾರಂತೆ. ನಮ್ಮೋರು ಪಕ್ಕದ್ದನ್ನೂ ಕಿತ್ಕೊಂಡು ಹೋಗ್ತಾರೆ" ಎಂದು ಅವಳು ಸಭೆಯ ಹೆಂಗಸರ ಮುಂದೆ ಹೇಳುತ್ತಿದ್ದಳು.

ಅವನ ಜೊತೆ ಗಾಡಿ ಓಡಿಸುವುದು ಅವಳ ತಮ್ಮ, ಐವತ್ತು ದಾಟಿದ ಆಸಾಮಿ, ಹೊಟ್ಟೆ ಸ್ಟೀರಿಂಗಿಗೆ ತಾಗುತ್ತದೆ. ಅವನಿಗೆ ಕಸುಬಿನ ಧರ್ಮ ಇತ್ಯಾದಿ ಏನೂ ಇಲ್ಲ. ಎಲ್ಲಿ ಕುರ್ಚಿ ಕಂಡರೂ ಕೂರುತ್ತಾನೆ. "ಭಾವ ನಿಂತ ಲೆಕ್ಕಾನೂ ಸೇರಿಸಿ ನಾನೇ ಕೂತಿದ್ದೀನಿ, ಮನೆಯ ಸರಾಸರಿ ಸರಿಯಾಗಿದೆ" ಎನ್ನುತ್ತಾನೆ.

ಹೋದ ವರ್ಷ ಕುರ್ಚಿಯಣ್ಣನಿಗೆ ಏದುಸಿರು ಶುರುವಾಯಿತು. ಎರಡು ಕುರ್ಚಿ ಎತ್ತಿದರೆ ಮೂರನೆಯದಕ್ಕೆ ಉಸಿರಿಲ್ಲ. ಹೃದಯದ ಒಂದು ಕವಾಟ ಕಿರಿದಾಗಿದೆ, ಎದೆ ತೆರೆದು ಬದಲಿಸಬೇಕು ಎಂದರು ಡಾಕ್ಟರು. ಕಾಲನ್ನು ನೋಡಿದರು. ನರಗಳು ಉಬ್ಬಿ ಗಂಟುಗಂಟಾಗಿದ್ದವು.

"ಏನು ಕೆಲಸ ನಿಮ್ದು?"

"ಜನರನ್ನ ಕೂರಿಸೋದು, ಸಾರ್."

"ನೀವು?"

"ನಾನು ನಿಂತಿರ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟು ಅವನ ಹೆಂಡತಿಯ ಮುಖ ನೋಡಿದರಂತೆ. ಅವಳು, "ನೋಡಿ ಸಾರ್, ನನ್ನ ನಲವತ್ತು ವರ್ಷ ನಿಮಗೆ ಎರಡು ಮಾತಲ್ಲಿ ಅರ್ಥ ಆಯ್ತು" ಎಂದಳಂತೆ.

ಆಪರೇಷನ್ನಿಗೆ ದಿನ ಗೊತ್ತಾಯಿತು, ಒಂದು ಬುಧವಾರ. ಅದಕ್ಕೆ ಮೂರು ದಿನ ಮೊದಲು, ಭಾನುವಾರ, ಕರ್ತನ ಭೋಜನ. ಹೆಂಡತಿ ಹಟ ಹಿಡಿದಳು. ಆಸ್ಪತ್ರೆಗೆ ಹೋಗುವ ಮೊದಲು ಅವನು ಮೇಜಿಗೆ ಬಂದು ಕೂರಬೇಕು. ಅವಳ ಭಯ ಸುತ್ತುಬಳಸಿನದಲ್ಲ. "ಎಲ್ಲರೂ ಹೋಗೋದೇ, ಅದಕ್ಕೆ ಅಳಲ್ಲ. ಆದ್ರೆ ಇಲ್ಲಿ ಕರೆದಾಗ ಬಂದು ಕೂರದ ಮನುಷ್ಯ ಅಲ್ಲಿ ಕರೆದಾಗ ಕೂರ್ತಾರಾ? ಅಲ್ಲೂ ಬಾಗಿಲಲ್ಲೇ ನಿಂತ್ರೆ? ಪರಲೋಕದಲ್ಲೂ ನಾನು ಪಕ್ಕದ ಕುರ್ಚಿ ಖಾಲಿ ಇಟ್ಕೊಂಡು ಕೂತಿರಬೇಕಾ?"

ನಗುವ ಮಾತಿನಂತೆ ಕೇಳಿಸುತ್ತದೆ. ನಗುವ ಮಾತಲ್ಲ. ಕರೆಯುವುದು ದೇವರ ಕೆಲಸ, ಬರುವುದು ನಮ್ಮದು. ಬಾಗಿಲವರೆಗೆ ಬಂದು ನಿಂತವನನ್ನು ಬಂದವನೆಂದು ಲೆಕ್ಕಕ್ಕೆ ಹಿಡಿಯುವುದಕ್ಕೆ ಆಗುವುದಿಲ್ಲ.

ಆ ತಿಂಗಳ ಮೊದಲ ಭಾನುವಾರ ನಮ್ಮ ಅಯ್ಯನವರು ಔತಣದ ಸಾಮ್ಯದ, ಅಂದರೆ ದೃಷ್ಟಾಂತ ಕಥೆಯ, ಮೇಲೆ ಪ್ರಸಂಗ ಮಾಡಿದರು. ಅಯ್ಯನವರೆಂದರೆ ನಮ್ಮ ಸಭಾಪಾಲಕರು, ಇನ್ನೂ ಮೂವತ್ತೆರಡು, ಬಿದಿರಿನಂತೆ ಉದ್ದ, ಕೈ ಎಲ್ಲಿಡಬೇಕೆಂದು ತಿಳಿಯದವರು. ಯೇಸು ಹೇಳಿದ ಆ ಕಥೆ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಯಜಮಾನ ದೊಡ್ಡ ಊಟ ಇಟ್ಟು ಜನರನ್ನು ಕರೆಯುತ್ತಾನೆ. ಕರೆದವರು ಹೊಲ ನೋಡಬೇಕು, ಎತ್ತು ನೋಡಬೇಕು, ಈಗಷ್ಟೇ ಮದುವೆಯಾಗಿದೆ ಎಂದು ನೆವ ಹೇಳುತ್ತಾರೆ. ಯಜಮಾನ ಬೀದಿಯಲ್ಲಿದ್ದ ಬಡವರನ್ನೂ ಕುಂಟರನ್ನೂ ಕರೆಸುತ್ತಾನೆ. ಅವರೆಲ್ಲ ಕೂತ ಮೇಲೂ ಜಾಗ ಉಳಿದಿರುತ್ತದೆ.

ಆರಾಧನೆ ಮುಗಿದು ಕುರ್ಚಿ ಗಾಡಿಗೇರುವಾಗ ಅಯ್ಯನವರು ಬಂದರು. ನಾನು ಅಲ್ಲೇ ಇದ್ದೆ. ಕುರ್ಚಿಯಣ್ಣ ಎತ್ತಬಾರದೆಂದು ಭಾವಮೈದ ಒಬ್ಬನೇ ಎತ್ತುತ್ತಿದ್ದ, ಇವನು ನಿಂತು ತಪ್ಪು ಹುಡುಕುತ್ತಿದ್ದ.

"ಪ್ರಸಂಗ ಹೇಗಿತ್ತು?" ಎಂದರು ಅಯ್ಯನವರು.

"ಚೆನ್ನಾಗಿತ್ತು ಅಯ್ಯನವರೇ. ಆದ್ರೆ ಆ ಯಜಮಾನರು ಯಾರು ಬರ್ತಾರೆ, ಯಾರು ಬರಲ್ಲ ಅಂತ ಮೊದಲೇ ಕೇಳ್ಕೋಬೇಕಿತ್ತು. ನನ್ನ ಅನುಭವದಲ್ಲಿ ಮುನ್ನೂರು ಕರೆದ್ರೆ ಇನ್ನೂರಿಪ್ಪತ್ತು ಬರ್ತಾರೆ."

"ಅವರು ಎಲ್ಲರೂ ಬರ್ಲಿ ಅಂತಲೇ ಹಾಕಿದ್ದು."

"ಅದೇ ನನಗೆ ತಲೆಗೆ ಹತ್ತದೇ ಇರೋದು. ಬೀದಿಯೋರೆಲ್ಲ ಬಂದ ಮೇಲೂ ಜಾಗ ಉಳೀತು ಅಂದ್ರೆ, ಇನ್ನೂ ಕರೀದೇ ಇದ್ದೋರಿಗೂ ಮೊದಲೇ ಕುರ್ಚಿ ಹಾಕಿದ್ರು ಅಂತಾಯ್ತು. ಅಂಥ ಯಜಮಾನರನ್ನ ನಾನು ನೋಡಿಲ್ಲ. ಎಲ್ಲರೂ ಹತ್ತು ಕಮ್ಮೀನೇ ಹೇಳೋದು."

"ಹಾಗಾದ್ರೆ ನೀವು ಬಂದು ಕೂತ್ಕೊಳ್ಳೋಕೆ ಏನು ಅಡ್ಡಿ?"

"ನಾನು ಹೇಗೂ ಒಳಗೇ ಇರ್ತೀನಲ್ಲ! ಅಲ್ಲಿ ಪರಲೋಕದಲ್ಲೂ ಅಷ್ಟೇ, ಕುರ್ಚಿ ಹಾಕೋಕೆ ಒಬ್ಬ ಬೇಕಲ್ವಾ?"

"ಅಲ್ಲಿ ಎಲ್ಲ ಸಿದ್ಧವಾಗಿದೆ."

"ಹಾಗಂತ ಎಲ್ಲ ಮದುವೆ ಮನೆಯೋರೂ ಹೇಳ್ತಾರೆ. ಹೋಗಿ ನೋಡಿದ್ರೆ ಚಪ್ಪರಾನೇ ಎದ್ದಿರಲ್ಲ."

ಗಾಡಿಯೊಳಗಿಂದ ಭಾವಮೈದ ಕೂಗಿದ, "ಅಯ್ಯನವರೇ, ಭಾವ ಹೋದ್ರೆ ಅಲ್ಲಿ ದೇವದೂತರನ್ನೂ ಸಾಲಾಗಿ ನಿಲ್ಲಿಸಿ ಎಣಿಸ್ತಾರೆ."

ಅಯ್ಯನವರು ನಕ್ಕು ಸೋತು ಹೋದರು. ಒಳ್ಳೆಯವರಿಗೆ ಇದೊಂದು ಕಾಯಿಲೆ, ಯಾರಾದರೂ ನಗಿಸಿದರೆ ವಾದ ಮರೆಯುತ್ತಾರೆ. ಆದರೆ ಕುರ್ಚಿಯಣ್ಣನ ತಪ್ಪು ಎಲ್ಲಿದೆ ಎಂದು ನನಗೆ ಆಗ ಗೊತ್ತಾಯಿತು. ಹೊಲ ಕೊಂಡವನಿಗೆ, ಎತ್ತು ಕೊಂಡವನಿಗೆ ತಾನು ನೆವ ಹೇಳುತ್ತಿದ್ದೇನೆಂಬ ಅರಿವಾದರೂ ಇತ್ತು. ಇವನ ನೆವ ಸೇವೆಯ ಬಟ್ಟೆ ಹಾಕಿಕೊಂಡಿತ್ತು, ಹಾಗಾಗಿ ನೆವವೆಂದು ಯಾರಿಗೂ ಹೊಳೆದಿರಲಿಲ್ಲ. ಪರಲೋಕವು ದುಡಿದವರಿಗೆ ಸಿಗುವ ಪಿಂಚಣಿ ಅಲ್ಲ. ಪಿಂಚಣಿ ತೆಗೆದುಕೊಳ್ಳುವವಳು ನಾನು, ಎರಡರ ವ್ಯತ್ಯಾಸ ಬಲ್ಲೆ.

ಭೋಜನದ ಹಿಂದಿನ ಶನಿವಾರ ಸಂಜೆ ಅವನು ಸಂಖ್ಯೆ ಕೇಳಲು ನಮ್ಮ ಮನೆಗೆ ಬಂದ. ಎಂದಿನಂತೆ ನಡುಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕೂರು ಎಂದು ನಾನು ಹೇಳಲಿಲ್ಲ, ಹೇಳಿ ಸಾಕಾಗಿತ್ತು.

"ಈ ಸಲ ಎಷ್ಟಕ್ಕಾ?"

"ಎಂಬತ್ತಾರು. ಪೇಟೆಬೀದಿಯ ದರ್ಜಿಯ ತಾಯಿಗೆ ಮಂಡಿ ನೋವಂತೆ, ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾರೆ. ಅವರನ್ನು ಬಿಟ್ಟು."

"ಎಂಬತ್ತಾರು ಅಂದ್ರೆ ಎಂಬತ್ತೈದು" ಎಂದ ಅವನು, ಸಲೀಸಾಗಿ.

"ಏನಂದೆ?"

"ನೀವು ಯಾವಾಗ್ಲೂ ಒಂದು ಜಾಸ್ತಿ ಹೇಳ್ತೀರಲ್ಲಕ್ಕಾ. ಯಾರಾದ್ರೂ ಹೆಚ್ಚಿಗೆ ಬಂದ್ರೆ ಅಂತ, ಕೈಗಾವಲಿಗೆ. ನಾನು ಎಲ್ಲ ಕಡೆ ಹೇಳ್ತಿರ್ತೀನಿ, ಲೆಕ್ಕ ಅಂದ್ರೆ ನಮ್ಮಕ್ಕನದು, ಒಂದೇ ಒಂದು ಜಾಸ್ತಿ, ಎರಡನೇದು ಇರಲ್ಲ ಅಂತ. ಅದನ್ನೇ ನಾನು ಪ್ರತಿಸಲ ಮಡಚಿ ಇಡೋದು."

ನಾನು ಮೂವತ್ತಾರು ವರ್ಷ ಗಣಿತ ಕಲಿಸಿದವಳು. ಕೈಗಾವಲಿಗೆ ಒಂದು ಸೇರಿಸುವ ಅಭ್ಯಾಸ ನನಗೆ ಮನೆಯ ಅಡುಗೆಯಲ್ಲೂ ಇಲ್ಲ. ಸದಸ್ಯರ ಪಟ್ಟಿ ತಂದು ಮೇಜಿನ ಮೇಲಿಟ್ಟೆ.

"ಎಣಿಸು."

"ಬಿಡಿ ಅಕ್ಕಾ, ತಮಾಷೆಗೆ..."

"ಎಣಿಸು ಅಂದೆ."

ಕನ್ನಡಕ ಹಾಕಿಕೊಂಡು, ನಿಂತೇ ಬಗ್ಗಿ, ಬೆರಳಿಟ್ಟು ಎಣಿಸಿದ. ದರ್ಜಿಯ ತಾಯಿಯ ಹೆಸರನ್ನು ದಾಟಿದ. ತನ್ನ ಹೆಂಡತಿಯ ಹೆಸರಿಗೆ ಐವತ್ತಮೂರು ಎಂದ. ಅದರ ಕೆಳಗಿನ ಹೆಸರಿನ ಮೇಲೆ ಬೆರಳು ನಿಂತಿತು.

"ಇದು ನಂದು."

"ಐವತ್ತನಾಲ್ಕು ಅನ್ನು. ಮುಂದೆ ಹೋಗು."

"ಅಲ್ಲ, ನನ್ನನ್ನೂ ಸೇರಿಸಿ ಹೇಳ್ತಿದ್ರಾ?"

"ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದವರನ್ನು ಮಾತ್ರ ಬಿಡುವುದು. ನೀನು ಒಂದು ಸಲವೂ ಹೇಳಿ ಕಳಿಸಿಲ್ಲ. ಎಲ್ಲರಿಗಿಂತ ಮೊದಲು ಬರುವವನನ್ನು ಯಾವ ಲೆಕ್ಕದಲ್ಲಿ ಬಿಡಲಿ?"

ಪಟ್ಟಿಯ ಮೇಲಿನ ಬೆರಳನ್ನು ತೆಗೆದ. ಆಮೇಲೆ ಅವನ ಹಳೆಯ ಬುದ್ಧಿ ಎದ್ದಿತು. "ಪಟ್ಟೀಲಿ ಇರೋದು ಬೇರೆ, ಕರೆಯೋದು ಬೇರೆ ಅಕ್ಕಾ. ಪಟ್ಟಿ ನೀವು ಬರೆದದ್ದು. ಆ ಕರ್ತನೇ ಕರೆದ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಅಯ್ಯನವರು ಮೇಜಿನ ತಲೆಯಲ್ಲಿ ನಿಂತು, ಕರ್ತನ ಹೆಸರಿನಲ್ಲಿ ಬನ್ನಿ ಎಂದು ಎರಡು ಕೈ ಚಾಚಿ ಕರೆಯುತ್ತಾರಲ್ಲ, ಯಾರನ್ನು?"

"ಕೂತೋರನ್ನ."

"ಕೂತವರನ್ನು ಯಾರಾದರೂ ಬನ್ನಿ ಎಂದು ಕರೆಯುತ್ತಾರೇನೋ? ಅವರು ಬಂದಾಗಿದೆ. ಇಡೀ ದೇವಾಲಯದಲ್ಲಿ ಆ ಹೊತ್ತಿಗೆ ನಿಂತಿರುವವರು ಇಬ್ಬರು. ಒಬ್ಬರು ಕರೆಯುವವರು. ಇನ್ನೊಬ್ಬ ಯಾರು?"

ಅವನು ಕನ್ನಡಕ ತೆಗೆದು ಜೇಬಿಗಿಟ್ಟ, ಮತ್ತೆ ತೆಗೆದ. "ಹಾಗಾದ್ರೆ ಇಷ್ಟು ವರ್ಷ ನಾನು ಮಡಚಿಟ್ಟಿದ್ದು..."

"ನಿನ್ನ ಕುರ್ಚಿ. ನೂರಿಪ್ಪತ್ತನಾಲ್ಕು ಸಲ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಗುಣಾಕಾರ ಬರುತ್ತದೆ. ಅವನು ಮೆಟ್ಟಿಲಿಳಿದು ಹೋದ. ಆ ಪಟ್ಟಿ ಮೂವತ್ತೊಂದು ವರ್ಷ ನನ್ನ ಮೇಜಿನ ಖಾನೆಯಲ್ಲೇ ಇತ್ತು, ಅವನಿಗೆ ತೋರಿಸಬೇಕೆಂದು ನನಗೂ ಹೊಳೆದಿರಲಿಲ್ಲ. ಇದು ನನ್ನ ತಪ್ಪು. ದಾಖಲೆಗೆ ಇರಲೆಂದು ಬರೆದಿದ್ದೇನೆ.

ಭಾನುವಾರ ಮೇಜಿನ ಸುತ್ತ ಎಂಬತ್ತಾರು ಕುರ್ಚಿ ಬಿದ್ದವು. ಎಲ್ಲರೂ ಕೂತರು. ಹೆಂಡತಿಯ ಪಕ್ಕದ್ದು ಎಂದಿನಂತೆ ಖಾಲಿ. ಕುರ್ಚಿಯಣ್ಣ ಗೋಡೆಗೆ ಒರಗಿದ್ದ. ಅಯ್ಯನವರು ಕೈಚಾಚಿ, ಬನ್ನಿ ಎಂದರು. ಅವನು ಗೋಡೆಯಿಂದ ಬೆನ್ನು ಕಿತ್ತ. ಮೆಲ್ಲಗೆ ಬಂದು, ಅಭ್ಯಾಸಬಲದಿಂದ ಆ ಕುರ್ಚಿಯ ಬೆನ್ನಿಗೆ ಕೈ ಹಾಕಿದ. ಅವಳು ತಲೆಯೆತ್ತಲಿಲ್ಲ. ಮಡಿಲಲ್ಲಿದ್ದ ಕರವಸ್ತ್ರವನ್ನು ಹಿಂಡಿ ಹಗ್ಗ ಮಾಡಿದ್ದಳು.

ಅವನು ಕುರ್ಚಿಯನ್ನು ಮಡಚಲಿಲ್ಲ. ಹಿಂದಕ್ಕೆ ಎಳೆದು, ಅಂಗೈಯಿಂದ ಸೀಟು ಒಮ್ಮೆ ಒತ್ತಿ ನೋಡಿ, ಕೂತ.

ಕೂತವನು ಅಲ್ಲಾಡಿದ. ಮತ್ತೆ ಅಲ್ಲಾಡಿದ. ಮೂರು ಕುರ್ಚಿ ಆಚೆ ಕೂತಿದ್ದ ನನಗೆ ಕೇಳಿಸುವಂತೆ ಹೆಂಡತಿಗೆ ಪಿಸುಗುಟ್ಟಿದ. "ಬೆನ್ನಿಗೆ ಈ ಕಬ್ಬಿಣದ ಪಟ್ಟಿ ಒತ್ತುತ್ತಲ್ಲೇ! ಎಲ್ಲದೂ ಹೀಗೇನಾ?"

"ಎಲ್ಲದೂ ಹೀಗೇ."

"ಇಷ್ಟು ವರ್ಷ ಯಾರೂ ಹೇಳ್ಲಿಲ್ಲ!"

"ಕೂತಿದ್ರೆ ಗೊತ್ತಾಗ್ತಿತ್ತು. ಸುಮ್ನಿರಿ ಈಗ."

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ದರ್ಜಿಯ ತಾಯಿ. ಬರುವುದಿಲ್ಲ ಎಂದವರು, ಮಂಡಿಗೆ ಬಟ್ಟೆ ಸುತ್ತಿಕೊಂಡು, ಮಗನ ಮೇಲೆ ಸಿಟ್ಟು ಮಾಡಿಕೊಂಡು ಬಂದೇಬಿಟ್ಟಿದ್ದರು. ಮೇಜಿನ ಸುತ್ತ ಎಂಬತ್ತಾರು ಕುರ್ಚಿ, ಎಂಬತ್ತಾರು ಜನ. ಎಂಬತ್ತರ ಮುದುಕಿ ಬಾಗಿಲಲ್ಲಿ ನಿಂತಿದ್ದಾರೆ.

ಕುರ್ಚಿಯಣ್ಣ ಬಾಗಿಲ ಕಡೆ ತಿರುಗಿದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೇಳಿದ ಮಾತು ಅವನ ಕಿವಿಯಲ್ಲಿ ಏನು ಸದ್ದು ಮಾಡಿತೆಂದು ನಾನು ಊಹಿಸಬಲ್ಲೆ. ಎರಡು ಕೈಯನ್ನೂ ಮೇಜಿಗೆ ಊರಿ ಅರ್ಧ ಎದ್ದ. ಎದ್ದಿದ್ದರೆ ಮತ್ತೆ ಕೂರುತ್ತಿರಲಿಲ್ಲ. ಹೆಂಡತಿ ಅವನ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದಳು.

"ಕೂತ್ಕೊಳ್ಳಿ" ಎಂದರು ಅಯ್ಯನವರು. ಪ್ರಸಂಗದ ಧ್ವನಿಯಲ್ಲಿ ಅಲ್ಲ, ಮನೆಯಲ್ಲಿ ಹೇಳುವ ಹಾಗೆ. "ನೀವು ಕೂತ್ಕೊಳ್ಳಿ. ಕುರ್ಚಿ ನಾನು ತರ್ತೀನಿ."

ಮೇಜಿನ ತಲೆಯಿಂದ ಇಳಿದು, ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಉದ್ದುದ್ದ ಹೆಜ್ಜೆ ಹಾಕಿ ಹೊರಗೆ ಗಾಡಿಯ ಹತ್ತಿರ ಹೋದರು. ರೊಟ್ಟಿ ಮೇಜಿನ ಮೇಲೆ ಕಾದಿತು. ಭಾವಮೈದ ನೆರವಿಗೆ ಏಳುವನೇ ಎಂದು ನೋಡಿದೆ. ಅವನು ಕೈ ಜೋಡಿಸಿ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದ, ಅವನು ಅಷ್ಟು ಭಕ್ತಿಯಿಂದ ಪ್ರಾರ್ಥಿಸಿದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಅಯ್ಯನವರು ಕುರ್ಚಿ ತಂದರು. ಕಾಲನ್ನು ಮರೆತು ಸೀಟನ್ನೇ ಮೊದಲು ಒತ್ತಿದರು. ಕುರ್ಚಿ ಬಾಯಿ ಮುಚ್ಚಿ ಅವರ ಬೆರಳು ಕಚ್ಚಿತು. ಅವರು ಸದ್ದಿಲ್ಲದೆ ಕುಣಿದರು. ಮತ್ತೆ ತಿರುಗಿಸಿದರು. ಈ ಸಲ ಕುರ್ಚಿ ತಲೆಕೆಳಗಾಗಿ ಬಿಡಿಸಿಕೊಂಡಿತು. ದರ್ಜಿಯ ತಾಯಿ ಕೋಲೂರಿ, ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಕುರ್ಚಿಯಣ್ಣ ಕೂತಲ್ಲೇ ಒದ್ದಾಡುತ್ತಿದ್ದ. ಕೊನೆಗೆ ತಡೆಯಲಾರದೆ, "ಹಿಂದಿನ ಕಾಲು ಮೊದಲು, ಅಯ್ಯನವರೇ! ಹಿಂದಿನ ಕಾಲು!" ಎಂದ.

ಆದರೆ ಕೂತೇ ಎಂದ.

ಟಕ್ ಎಂದಿತು. ದರ್ಜಿಯ ತಾಯಿ ಕೂತರು. ಅಯ್ಯನವರು ಊದಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಮೇಜಿನ ತಲೆಗೆ ಹೋಗಿ, ಆಮೇಲೆ ಗಂಭೀರವಾಗಿ ರೊಟ್ಟಿ ಮುರಿದರು. ಅದು ಕೈಯಿಂದ ಕೈಗೆ ಬಂದು ಕುರ್ಚಿಯಣ್ಣನ ಹೆಂಡತಿಯ ಕೈಸೇರಿತು. ಮೂವತ್ತೊಂದು ವರ್ಷ ಅವಳು ಪಕ್ಕದವರಿಗೆ ಕೊಡಲು ಕೈಯನ್ನು ಸ್ವಲ್ಪ ಉದ್ದಕ್ಕೆ ಚಾಚುತ್ತಿದ್ದಳು. ಅವತ್ತೂ ಹಾಗೇ ಚಾಚಿದಳು, ಕೈ ಅವನ ಎದೆಗೆ ತಗುಲಿತು.

"ಇಲ್ಲೇ ಇದ್ದೀನಲ್ಲೇ" ಎಂದ ಅವನು, ಮತ್ತು ತೆಗೆದುಕೊಂಡ.